ಹಿಂಬದಿಯಿಂದ ಬಂದ ದೋಣಿ

ಬರ್ಬ್ಯಾಂಕಿನ ಸಿನಿಮಾ ಸ್ಟುಡಿಯೋಗಳಲ್ಲಿ ನನ್ನಂಥ ಸಂಕಲನಕಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಅಂದಾಜೂ ಇಲ್ಲ. ಮಾತು ಮರೆತು ಗೂಟದಂತೆ ನಿಂತ ನಟರನ್ನು ಬರೀ ಕತ್ತರಿ, ಅಂಟುಪಟ್ಟಿಯಿಂದ ಪ್ರಶಸ್ತಿಯ ವೇದಿಕೆ ಹತ್ತಿಸಿದ ವೆಂಡೆಲ್ ಕ್ರಾಂಟ್ಸ್ ನಾನೇ. ಒಮ್ಮೆ ಕುದುರೆಯಿಂದಲೂ ಅಭಿನಯ ತೆಗೆಸಿದ್ದೇನೆ. ಅರ್ಧ ಅಮೆರಿಕ ಅತ್ತಿತ್ತು.

ಇಂಥ ನನ್ನ ಕೋಣೆಗೆ ನೆವೆಂಕಾ ಝುವಿಚ್ ತನ್ನ ಮೊದಲ ಚಿತ್ರದ ಸುರುಳಿಗಳನ್ನು ಹೊತ್ತು ಬಂದಳು. ಸ್ಯಾನ್ ಪೆಡ್ರೋ ಬಂದರಿನ ಮೀನುಗಾರರ ಮನೆಯ ಹುಡುಗಿ. ಅವಳಣ್ಣ ಆಂಟೆ ಬಲೆ ಹಾಕಲು ಹೋದವನು ಮರಳಲಿಲ್ಲ. ದೋಣಿಯ ಹಲಗೆಯೊಂದೂ ಸಿಗಲಿಲ್ಲ. ತಾಯಿ ವರ್ಷಗಟ್ಟಲೆ ದೋಣಿ ಕಟ್ಟುವ ದಕ್ಕೆಯ ಮೇಲೆ ಕೂತು ಕಾದಳು. ಒಂದು ದಿನ ತಾನಾಗಿಯೇ ಎದ್ದು ಮನೆಗೆ ಹೋಗಿ, ಮಗನ ಕೋಟನ್ನು ಚರ್ಚಿಗೆ ಕೊಟ್ಟುಬಿಟ್ಟಳು. ಚಿತ್ರದ ಕಥೆ ಇದೇ, ಮುಗಿಯುವುದೂ ಹಾಗೆಯೇ: ಖಾಲಿ ಸಮುದ್ರ, ಎದ್ದು ನಡೆಯುವ ಮುದುಕಿ.

"ಉಳಿದದ್ದು ಏನಾದ್ರೂ ಮಾಡ್ಕೋ ಮಾರಾಯಾ, ಈ ಕೊನೆ ಮುಟ್ಬೇಡ," ಅಂದಳು ನೆವೆಂಕಾ. "ಅಮ್ಮ ಅಲ್ಲಿಂದ ಏಳೋಷ್ಟರಲ್ಲಿ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ಅವಳು ನೋಡ್ಲಿ ಅಂತಾನೇ ಈ ಸಿನಿಮಾ."

ಬಿಡುಗಡೆಗೆ ಮುಂಚೆ ಪ್ಯಾಸಡೀನಾದಲ್ಲಿ ದಾರಿಹೋಕರನ್ನು ಕರೆದು ಪುಕ್ಕಟೆ ತೋರಿಸಿ, ಅಭಿಪ್ರಾಯದ ಚೀಟಿ ಬರೆಸಿಕೊಂಡೆವು. ನಿರ್ಮಾಪಕ ಮಾರ್ಟ್ ಹಾಲ್‌ಗ್ರೆನ್ ಬಾಗಿಲಲ್ಲೇ ನನ್ನ ಕಾಲರ್ ಹಿಡಿದ.

"ಏನಯ್ಯಾ ಇದು? ಜನ ಹೆಣ ಎತ್ತಿದ ಮನೆಯಿಂದ ಬಂದಂಗೆ ಬರ್ತಿದ್ದಾರೆ! ಒಬ್ಬಳು ಬರ್ದಿದ್ದಾಳೆ ನೋಡು, 'ಪಾಪ್‌ಕಾರ್ನ್ ಚೆನ್ನಾಗಿತ್ತು' ಅಂತ! ದೋಣಿ ವಾಪಸ್ ಬರ್ಬೇಕು."

"ಶೂಟಿಂಗಿಗೆ ತಂದಿದ್ದ ದೋಣಿ ಮಾರಿಯಾಯ್ತಲ್ಲ ಸರ್," ಎಂದೆ.

"ಕತ್ತರಿ ಮಾರಿಲ್ವಲ್ಲ? ಹೊಸ ಕೊನೆ ಜೋಡ್ಸು, ಮತ್ತೆ ತೋರ್ಸೋಣ. ಜನಕ್ಕೆ ಯಾವುದು ಹಿಡಿಸುತ್ತೋ ಅದೇ ಗಟ್ಟಿ."

ಆಗಲ್ಲ ಎಂದಿದ್ದರೆ ಇನ್ನೊಬ್ಬ ಕತ್ತರಿ ಹಿಡಿಯುತ್ತಿದ್ದ. ನಾನು ನೆವೆಂಕಾಳ ಕಿವಿಯಲ್ಲಿ, "ಹೆದರ್ಬೇಡ. ಭೂಮಿ ಮೇಲೆ ಯಾರೂ ಮಾಡದಂಥ ಕೆಟ್ಟ ಕೊನೆ ಮಾಡ್ತೀನಿ. ಜನ ಬಿದ್ದು ಬಿದ್ದು ನಗ್ತಾರೆ. ಮಾರ್ಟ್ ತಾನಾಗೇ ನಿನ್ನದಕ್ಕೆ ಬರ್ತಾನೆ," ಎಂದೆ.

ದೋಣಿ ಹೊರಡುವ ದೃಶ್ಯವನ್ನೇ ಹಿಂದುಮುಂದಾಗಿ ಓಡುವಂತೆ ತಿರುಗಿಸಿ ಅಂಟಿಸಿದೆ. ಸಮುದ್ರದಿಂದ ದೋಣಿ ಅಂಡು ಮುಂದು ಮಾಡಿಕೊಂಡು ಬರುತ್ತದೆ. ಹೊಗೆ ಕೊಳವೆಯೊಳಕ್ಕೆ ನುಗ್ಗುತ್ತದೆ. ಕಡಲಹಕ್ಕಿಗಳು ಬಾಲ ಮುಂದಾಗಿ ಹಾರುತ್ತವೆ. ಮೇಲೆ ಹೊಟ್ಟೆ ತೊಳೆಸುವಷ್ಟು ಪಿಟೀಲು ಸುರಿದೆ. ನೆವೆಂಕಾ ನೋಡಿ ನೆಲದ ಮೇಲೆ ಉರುಳಾಡಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಎರಡನೇ ಪ್ರದರ್ಶನದಲ್ಲಿ ಯಾರೂ ನಗಲಿಲ್ಲ. ಕುರ್ಚಿಗಳ ಅಡಿಯಲ್ಲಿ ಕಣ್ಣೀರು ಪಾದ ಮುಳುಗುವಷ್ಟು ನಿಂತಿತು. ಎದ್ದು ನಿಂತು ಚಪ್ಪಾಳೆ. ನಾನು ಬೇಕೆಂದೇ ಕೆಡಿಸಿದ್ದೂ ಅಷ್ಟು ಚೆನ್ನಾಗಿತ್ತು, ಏನು ಮಾಡಲಿ?

"ನೀನು ದೇವ್ರು ಕಣಯ್ಯಾ!" ಎಂದು ಮಾರ್ಟ್ ನನ್ನ ಹಣೆಗೆ ಮುತ್ತಿಟ್ಟ. ನೆವೆಂಕಾ ಕಾಡಿದಳು, ಬೇಡಿದಳು. ಆದರೆ ಚಿತ್ರದ ಕೊನೆಯ ಕತ್ತರಿ, ಕೊನೆಯ ಮಾತು ಎರಡೂ ನಿರ್ಮಾಪಕನದೇ ಎಂಬ ಕರಾರಿಗೆ ಅವಳೇ ರುಜು ಹಾಕಿದ್ದಳು.

ಚಿತ್ರ ಸ್ಯಾನ್ ಪೆಡ್ರೋಗೂ ಬಂತು. ನಾನು ಕಾಯುತ್ತಿದ್ದ ನಗು ಕೊನೆಗೆ ಅಲ್ಲಿ ಸಿಡಿಯಿತು. ಹಿಂಬದಿಯಿಂದ ದಡಕ್ಕೆ ಬಂದ ದೋಣಿ ನೋಡಿ ಮೀನುಗಾರರು ಹೊಟ್ಟೆ ಹಿಡಿದುಕೊಂಡರು. "ಆಂಟೆಗೆ ದೋಣಿ ತಿರುಗ್ಸೋದೂ ಮರೆತುಹೋಯ್ತೇನ್ರೋ!" ಎಂದು ಯಾರೋ ಕೂಗಿದರಂತೆ. ಮಧ್ಯದ ಸಾಲಿನಲ್ಲಿ ಒಬ್ಬಳು ಮಾತ್ರ ನಗಲಿಲ್ಲ.

ಮರುವಾರ ನೆವೆಂಕಾಳ ಫೋನು. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಅಮ್ಮ ಮತ್ತೆ ದಕ್ಕೆಗೆ ಹೋಗಿ ಕೂತಿದ್ದಾಳೆ. ನಾನು ಹೇಳಿ ಸೋತೆ. ಆ ಮೋಸ ಹೇಗೆ ಮಾಡ್ದೆ ಅಂತ ನೀನೇ ಬಂದು ಹೇಳು."

ಹೋದೆ. ಕಲ್ಲನ್ನೂ ಕರಗಿಸುವ ಬಾಯಿ ನನ್ನದು. ಮುದುಕಿಯ ಮುಂದೆ ನಿಂತು, ದೃಶ್ಯ ತಿರುಗಿಸಿದ್ದು, ಹೊಗೆ, ಹಕ್ಕಿ, ಎಲ್ಲವನ್ನೂ ಬಿಡಿಸಿ ಹೇಳಿದೆ. "ಅದು ಬಂದ ದೋಣಿ ಅಲ್ಲ ಅಮ್ಮಾ. ಹೋದ ದೋಣೀನೇ."

"ನಂಗೊತ್ತಿಲ್ವಾ ಮಗಾ? ಹುಟ್ಟಿದಾಗಿಂದ ದೋಣಿ ನೋಡಿದೀನಿ," ಅಂದಳು. ಅವಳ ತೊಡೆಯ ಮೇಲೆ ಗಂಡಸರ ಹೊಸ ಕೋಟೊಂದು, ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. "ಹೆಂಗೆ ಬಂದ್ರೇನು, ಬಂತಲ್ಲ."

ನಾನು ಆ ಬೆಲೆಚೀಟಿಯನ್ನೇ ನೋಡುತ್ತ ಅವಳೆದುರು ನಿಂತೆ.

"ಸ್ವಲ್ಪ ಆಚೆ ಸರಿ ಮಗಾ. ಸಮುದ್ರ ಕಾಣಿಸ್ತಿಲ್ಲ."

ಸರಿದೆ.