ಡಿಸ್ಟೆಂಪರ್ ಬಾಗಿಲು

ಚಿಪ್ಪಿನ ಸುಣ್ಣ ಒಂದೂವರೆ ರೂಪಾಯಿ. ತುಕ್ರನ ಅರ್ಧ ದಿನದ ಕೂಲಿ ಒಂದೂವರೆ. ಮೂರು ರೂಪಾಯಿಯಲ್ಲಿ ಆ ಕೋಣೆಯ ಕತೆ ಮುಗಿಯುತ್ತದೆಂದು ಮನಸ್ಸಿನಲ್ಲೇ ಕೂಡಿಸಿ, ಮಗ್ದಲೀನ್ ಬಾವಿಯಿಂದ ಇನ್ನೊಂದು ಕೊಡ ಎಳೆದು ಬಾಲ್ದಿಗೆ ಸುರಿದಳು. ಸುಣ್ಣ ಬುಸುಗುಟ್ಟಿತು.

“ಇನ್ನೂ ಬಿಸಿ ಉಂಟು ಬಾಯಮ್ಮ,” ಎಂದ ತುಕ್ರ ಕೋಲಿನಿಂದ ಕಲಕುತ್ತಾ. “ಆರದೆ ಬಳಿದರೆ ಗೋಡೆ ಹಿಡಿಯುವುದಿಲ್ಲ.”

“ಎರಡು ಗಂಟೆಗೆ ಆಸ್ಪತ್ರೆಯ ವ್ಯಾನ್ ಬರ್ತದೆ. ಅಷ್ಟರೊಳಗೆ ಬೆಳ್ಳಗಾಗಬೇಕು.”

ತುಕ್ರ ಬೆಳಿಗ್ಗೆ ಎಂಟರಿಂದ ಕಲಕುತ್ತಲೇ ಇದ್ದ. ಇಪ್ಪತ್ತು ವರ್ಷ ಅವಳ ಗಂಡ ಬೊನಿಫಾಸನ ಏಣಿ ಹಿಡಿದವನು, ಬಣ್ಣ ಅರೆದವನು. ಬೇಕೆಂದೇ ತಡಮಾಡುತ್ತಿದ್ದಾನೆಂದು ಮಗ್ದಲೀನ್‌ಗೆ ತಿಳಿಯದೆ ಇರಲಿಲ್ಲ.

ಬೊನಿಫಾಸ್ ಹಿಂದಿನ ಸಂಜೆ ಅತ್ತಾವರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಹೋಗುವ ಮುನ್ನ ಅವಳ ಕೈ ಹಿಡಿದು ಒಂದೇ ಒಂದು ಕೇಳಿದ್ದ, ಒಂದು ಗಂಟೆಯಾದರೂ ತನ್ನನ್ನು ಆ ಕೋಣೆಯಲ್ಲಿ ಮಲಗಿಸಬೇಕೆಂದು. ಅವಳು ಆಗಲಿ ಎಂದಿದ್ದಳು. ಅವನು ಕೇಳಿದ್ದು ಕೋಣೆ, ಗೋಡೆಯ ಚಿತ್ರವಲ್ಲ. ಕೊಟ್ಟ ಮಾತು ಮುರಿಯದೆಯೂ ಸುಣ್ಣ ಬಳಿಯಬಹುದಿತ್ತು.

*

ಬೊನಿಫಾಸ್ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ, ಇಗರ್ಜಿಯ ನಾಟಕಗಳಿಗೆ ಪರದೆ ಮಾಡುತ್ತಿದ್ದ. ಪ್ರತಿ ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣಗೆ ‘ಬೊನಿಫಾಸ್, ಕುಲಶೇಖರ’ ಎಂದು ಬರೆಯದೆ ಬಿಡುತ್ತಿರಲಿಲ್ಲ. ಕೆಲಸ ತನ್ನದೆಂದು ಒಪ್ಪಿಕೊಳ್ಳುವ ಗುರುತು ಅದು.

ಐವತ್ತನೆಯ ಇಸವಿಯಲ್ಲಿ, ಒಂದು ನಾಟಕ ಮುಗಿದ ಮೇಲೆ ಅವನು ಮನೆಗೆ ತಂದ ಹಲಗೆಯಲ್ಲಿ ಮೊಳೆ ಇತ್ತು. ಆರು ವರ್ಷದ ಮಗಳು ಡುಲ್ಸಿನ್ ಅದನ್ನು ತುಳಿದಳು. ಮಗ್ದಲೀನ್ ತನ್ನ ನೀಲಿ ಸೀರೆಯ ಅಂಚು ಹರಿದು ಕಾಲಿಗೆ ಕಟ್ಟಿದಳು. ಆಸ್ಪತ್ರೆಗೆ ನಾಳೆ ಹೋದರಾಯಿತು ಎಂದಳು. ಹತ್ತನೆಯ ದಿನಕ್ಕೆ ಧನುರ್ವಾಯು ಮಗುವನ್ನು ಮುಗಿಸಿತು. ಮೊಳೆ ಅವನದು, ಬಟ್ಟೆ ಇವಳದು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅವನು ಮಗುವಿನ ಕೋಣೆಯಲ್ಲಿ ಚಿತ್ರ ಬರೆಯತೊಡಗಿದ. ಗೋಡೆ, ಮಾಡಿನ ಹಲಗೆ, ನೆಲ, ಯಾವುದನ್ನೂ ಬಿಡಲಿಲ್ಲ. ತೂಗುಹಾಕಿದ ಚಿತ್ರವನ್ನು ಜನ ನೋಡಿ ಹೋಗುತ್ತಾರೆ, ತನಗೆ ಹೋಗಿ ನಿಲ್ಲುವಂಥ ಚಿತ್ರ ಬೇಕು ಎಂದು ತುಕ್ರನಿಗೆ ಹೇಳುತ್ತಿದ್ದ. ಒಳಹೊಕ್ಕು ಕದ ಹಾಕಿಕೊಂಡರೆ ಇದೇ ಮನೆಯ ಒಂದು ಮಧ್ಯಾಹ್ನ ಸುತ್ತಲೂ ಇರುತ್ತಿತ್ತು. ಆಗಷ್ಟೇ ಇಳಿದುಹೋದಂತೆ ಓರೆಯಾದ ಉಯ್ಯಾಲೆ. ಅರ್ಧ ಕುಡಿದ ಹಾಲಿನ ಲೋಟ. ನೆಲದಲ್ಲಿ ಒದ್ದೆ ಕಾಲಿನ ಪುಟ್ಟ ಹೆಜ್ಜೆಗಳು.

ಒಂದು ದಿನ ಕಾಫಿ ಕೊಡಲು ಹೋದ ಮಗ್ದಲೀನ್ ನಾಲ್ಕನೆಯ ಗೋಡೆಯಲ್ಲಿ ಹೊಸದಾಗಿ ಮೂಡಿದ್ದನ್ನು ಕಂಡಳು. ಎರಡೇ ಎರಡು ಪುಟ್ಟ ಪಾದ. ಒಂದಕ್ಕೆ ನೀಲಿ ಬಟ್ಟೆ.

“ಅಳಿಸು,” ಎಂದಳು.

ಹೆಂಡತಿಯ ತಪ್ಪನ್ನು ಅಂಗಡಿಯ ಬೋರ್ಡಿನ ಹಾಗೆ ಗೋಡೆಯ ಮೇಲೆ ಬರೆದಿದ್ದಾನೆಂದೇ ಅವಳಿಗೆ ಕಂಡಿತು. ಕೆಲವು ತಿಂಗಳ ಮೇಲೆ, ಅಲ್ಲೊಂದು ಮುಚ್ಚಿದ ಬಾಗಿಲು ಬರೆದಿದ್ದೇನೆ, ಬಂದು ನೋಡು ಎಂದ. ಅವಳು ಹೋಗಲಿಲ್ಲ. ಮತ್ತೆಂದೂ ಆ ಹೊಸ್ತಿಲು ದಾಟಲಿಲ್ಲ.

ಒಂದು ಭಾನುವಾರ ಅವನು ಗೇಟಿಗೆ ‘ಚಿತ್ರ ಪ್ರದರ್ಶನ, ಒಳಗೆ ಬನ್ನಿ’ ಎಂದು ಬೋರ್ಡು ತೂಗುಹಾಕಿ ಇಡೀ ದಿನ ಕಾದ. ಮೂವರು ಬಂದರು. ಒಬ್ಬ ನಕ್ಕ. ಒಬ್ಬ ಹೊರಗೆ ಬಂದು ನೀರು ಕೇಳಿದ. ಮೂರನೆಯವನು ಬೊನಿಫಾಸನ ತಮ್ಮ ರಾಫೆಲ್. ಸುಣ್ಣ ಹೊಡೆಸಿದರೆ ತಿಂಗಳಿಗೆ ಎಂಟು ರೂಪಾಯಿ ಬಾಡಿಗೆ ಬಂದೀತು ಎಂದು ಹೇಳಿ ಹೋದ.

*

ವ್ಯಾನ್ ಹನ್ನೆರಡೂವರೆಗೇ ಬಂತು. ಸುಣ್ಣ ಇನ್ನೂ ಬಾಲ್ದಿಯಲ್ಲಿತ್ತು. ತುಕ್ರ ತೆಂಗಿನ ಮರ ನೋಡುತ್ತಾ ನಿಂತ.

ಮೂರು ಗಂಟೆಗೆ ಕುಲಶೇಖರದ ಅರ್ಧ ಊರು ಅಂಗಳದಲ್ಲಿತ್ತು. ಅಂದು ಬೋರ್ಡು ನೋಡಿಯೂ ಬಾರದವರು ಇಂದು ಹೆಣ ನೋಡಲು ಬಂದಿದ್ದರು. ಅವನನ್ನು ಮಲಗಿಸಿದ್ದ ಕೋಣೆಗೆ ಮಾತಾಡುತ್ತಾ ಹೋದವರು ಪಿಸುಗುಟ್ಟುತ್ತಾ ಹೊರಗೆ ಬಂದರು. ಬೊನಿಫಾಸನ ತಂಗಿ ಎವ್ಲಿನ್ ನೆಲದ ಹೆಜ್ಜೆಗಳ ನೀರು ತಾಗದಂತೆ ಸೀರೆ ಎತ್ತಿ ಹಿಡಿದು ನಡೆದಳು. ಮಗ್ದಲೀನ್ ಹೊಸ್ತಿಲ ಈಚೆಗೇ ಕುಳಿತಿದ್ದಳು. ಕಣ್ಣು ಮಂಜಾದ ನೆರೆಮನೆಯ ಅಲೀಮಮ್ಮ ಹೊರಬಂದು ಅವಳ ಹೆಗಲು ಮುಟ್ಟಿದಳು.

“ಒಳಗೆ ಒಂದು ಮಗು ಉಂಟಲ್ಲ, ಹಾಲು ಅರ್ಧಕ್ಕೇ ಬಿಟ್ಟಿದೆ, ಅದಕ್ಕೆ ಬೆಳಿಗ್ಗೆಯಿಂದ ಎಂತಾದರೂ ತಿನ್ನಲಿಕ್ಕೆ ಕೊಟ್ಟಿದ್ದೀಯಾ?”

ಮಗ್ದಲೀನ್ ಸರಿದು ಅವಳಿಗೆ ಚಾಪೆಯಲ್ಲಿ ಜಾಗ ಮಾಡಿದಳು.

ನಾಲ್ಕಕ್ಕೆ ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಮುಚ್ಚಿದರು, ಮೇಣದ ಬತ್ತಿ ಆರಿಸಿದರು. ಕೋಣೆ ಮಬ್ಬಾಯಿತು.

“ಈಚೆ ತಿರುಗಿಸಿ ಮಾರಾಯ್ರೆ, ಬಾಗಿಲು ಈಚೆ,” ಎಂದ ಮುಂದೆ ಹೊತ್ತಿದ್ದ ರಾಫೆಲ್. ನಾಲ್ವರೂ ನೇರವಾಗಿ ಗೋಡೆಯಲ್ಲಿ ಬರೆದ ಬಾಗಿಲ ಕಡೆಗೆ ನಡೆದರು. ಪೆಟ್ಟಿಗೆ ಗೋಡೆಗೆ ಬಡಿದು, ಕದ ತಟ್ಟಿದ ಹಾಗೆ ಸದ್ದು ಮಾಡಿತು.

ಯಾರೂ ನಗಲಿಲ್ಲ. ಬಾಗಿಲಿನ ಬಣ್ಣ ಹಪ್ಪಳದಂತೆ ಎದ್ದು ಕೆಳಗೆ ಬಿತ್ತು.

ಮಗ್ದಲೀನ್ ಹನ್ನೊಂದು ವರ್ಷದ ಮೇಲೆ ಹೊಸ್ತಿಲು ದಾಟಿದಳು. ಅದೇ ಪಾದ, ಅದೇ ನೀಲಿ ಬಟ್ಟೆ. ಅದರ ಮೇಲೆ, ಅಂದು ಇನ್ನೂ ಬರೆಯದಿದ್ದ ಎರಡು ಕೈಗಳು ಗಂಟು ಹಾಕುತ್ತಿದ್ದವು. ಬೆರಳಿನಲ್ಲಿ ಅವಳದೇ ಸವೆದ ಉಂಗುರ.

“ಆಯಿಲ್ ಪೈಂಟಿನ ಮೇಲೆ ನೀರಿನಲ್ಲಿ ಕಲಸಿದ ಡಿಸ್ಟೆಂಪರ್ ನಿಲ್ಲುವುದಿಲ್ಲ ಬಾಯಮ್ಮ,” ಎಂದ ಹಿಂದಿನಿಂದ ತುಕ್ರ, ಮೆಲ್ಲಗೆ. “ನನಗೆ ಅದನ್ನು ಕಲಿಸಿದ್ದೇ ನಮ್ಮ ಬೊನಿಫಾಸ್ ಪೊರ್ಬು. ನೀವು ಯಾವಾಗ ಬಂದರೂ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು ಅಂತ ಹೇಳ್ತಿದ್ರು.”

“ಹೇಳಲಿಲ್ಲ ಯಾಕೆ ನೀನು?”

“ಅವರು ಬಿಡಲಿಲ್ಲ. ನೀವಾಗಿಯೇ ಬರಬೇಕು ಅಂತ.”

ಪೆಟ್ಟಿಗೆಯನ್ನು ಸರಿಯಾದ ಬಾಗಿಲಿನಿಂದ ಹೊರಗೆ ಒಯ್ದು ಒಂದು ಗಳಿಗೆ ಅಂಗಳದಲ್ಲಿ ನಿಲ್ಲಿಸಿರಿ ಎಂದು ಅವಳು ರಾಫೆಲ್‌ಗೆ ಹೇಳಿದಳು. ಸುಣ್ಣ ತೆಂಗಿನ ಬುಡಕ್ಕೆ ಹಾಕು ಎಂದು ತುಕ್ರನಿಗೆ ಹೇಳಿದಳು. ಸೆರಗಿನ ತುದಿಯನ್ನು ಬಾವಿಯ ನೀರಿನಲ್ಲಿ ಅದ್ದಿ ತಂದು ಒರೆಸಿದಳು. ಕೆಳಮೂಲೆಯಲ್ಲಿ ಮೊಳೆಯ ಹಲಗೆ ಕಾಣಿಸಿತು. ಮೊಳೆಯ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘ಬೊನಿಫಾಸ್, ಕುಲಶೇಖರ’. ಮೊಣಕಾಲೂರಿ ತಲೆ ತಗ್ಗಿಸಿದ ಹೆಂಗಸಿನ ಬೈತಲೆ ಕಾಣಿಸಿತು. ಕೊನೆಗೆ, ಆ ತಲೆಯ ಮೇಲೆ ಕೈಯಿಟ್ಟು ನಿಂತ ಡುಲ್ಸಿನ್.

ಗೇಟಿನ ಬಳಿ ಎವ್ಲಿನ್ ಅವಳ ಸೆರಗು ನೋಡಿ, ಎಂತ ಇದು ಎಂದು ಕೇಳಿದಳು. ಬಾಗಿಲಿನ ಕಂದು ಬಣ್ಣ ಅದರ ತುಂಬ ಮೆತ್ತಿತ್ತು. ಮಗ್ದಲೀನ್ ಅದನ್ನು ಹಿಂಡಲಿಲ್ಲ, ಮಡಚಿ ಮುಷ್ಟಿಯಲ್ಲಿ ಹಿಡಿದು ಪೆಟ್ಟಿಗೆಯ ಹಿಂದೆ ನಡೆದಳು. ಮಗಳ ಮುಖ ಸಿಕ್ಕಿತ್ತು. ಹನ್ನೊಂದು ವರ್ಷ ಹೋಗಿತ್ತು.