ಕರೆವ್ವ ಕೇಳಿದ ಕತ್ತರಿ

ತೊಡೆಯ ಕೆಳಗೆ ಕತ್ತರಿ ತಣ್ಣಗೆ ಒತ್ತುತ್ತಿದೆ, ಎದುರಿಗೆ ಕರೆವ್ವ ಕೈ ಚಾಚಿದ್ದಾಳೆ, ಅಂಗೈಯಲ್ಲಿ ಅದೇ ಬಾವಿಯ ಹಗ್ಗದ ಗುರುತು — ನೋಡಬೇಡ ಶಾರವ್ವ, ಕೌದಿ ನೋಡು, ಹೊಲಿಗೆ ನೋಡು — ಕೂಸು ತೀರಿಕೊಂಡ ಮೇಲೆ ಬಾವಿಗೆ ಹಾರಿದವಳು, ಸುಗ್ಗಿಯಿಂದ ಈಚೆಗೆ ಮಾತೇ ಆಡದವಳು, ಈಗ ಬಾಯಿ ಬಿಟ್ಟು ಕೇಳಿದ್ದು ಇದನ್ನೇ, ಕತ್ತರಿ ಕೊಡಕ್ಕ. ಬೇರೇನೂ ಸಿಗಲಿಲ್ಲವೇ ನಿನಗೆ. ಮನಸ್ಸು ಕೆಟ್ಟವರು, ಕೆಟ್ಟು ಸರಿಯಾದವರು ಕೂಡಿ ಕೌದಿ ಹೊಲಿಯುವ ಪಡಸಾಲೆ ಇದು, ಮನೆಯೊಡತಿ ಉಡಚವ್ವ ರೇಡಿಯೊದ ಕಿವಿ ಹಿಂಡಿ ನಿಲ್ಲಿಸಿದಳು, ಅಖ್ತರುನ್ನೀಸಾ ದಾರ ಬಾಯಲ್ಲಿಟ್ಟುಕೊಂಡೇ ನನ್ನ ಮುಖ ನೋಡುತ್ತಾಳೆ, ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿದ್ದು ಬಂದವಳು ನಾನಲ್ಲವೇ, ಕೊಡಬೇಕೋ ಬೇಡವೋ ನನಗೇ ತಿಳಿಯಬೇಕಂತೆ. ಕರೆವ್ವನ ಅವ್ವ ಸಿದ್ದವ್ವ ಬೆಳಿಗ್ಗೆ ಹಾನಗಲ್ ಬಸ್ ಹತ್ತುವಾಗ ನನ್ನ ಕೈ ಹಿಡಿದು, ಸೂಜಿ ಬಿಟ್ಟು ಮತ್ತೇನೂ ಆಕೀ ಕೈಗೆ ಕೊಡಬ್ಯಾಡ ಯವ್ವಾ, ನಿನ್ನ ಮ್ಯಾಲೆ ಹಾಕಿ ಹೊಂಟೇನಿ ಅಂದಿದ್ದಳು. ಹೂಂ ಅಂದಿದ್ದೆ.

ಹೂಂ ಅಂದವಳು ನಾನೇ, ಆಸ್ಪತ್ರೆಯಿಂದ ಬಂದ ದಿನ ನಮ್ಮ ಮನೆಯಲ್ಲಿ ಈಳಿಗೆ ಮಾಯ, ಕುಡಗೋಲು ಮಾಯ, ಬದನೆಕಾಯಿ ಹೆಚ್ಚಲು ಹೋದರೆ ಅತ್ತೆ, ನೀ ಕುಂದ್ರ ಶಾರವ್ವ, ನಾವು ಮಾಡ್ತೇವಿ, ಎಷ್ಟು ಮೆತ್ತಗಿನ ಮಾತು, ಮೈಯೆಲ್ಲ ಉರಿಯುತ್ತಿತ್ತು, ನನ್ನ ಕೈಗೆ ಈಳಿಗೆ ಕೊಟ್ಟವಳು ಈ ಮನೆಯ ಉಡಚವ್ವ ಒಬ್ಬಳೇ, ಕೊಟ್ಟು ಬೆನ್ನು ತಿರುಗಿಸಿ ರೊಟ್ಟಿ ಬಡಿಯಲು ಕೂತಳು, ಆ ಬೆನ್ನು ನೋಡಿ ಅತ್ತುಬಿಟ್ಟಿದ್ದೆ. ಆ ಧೈರ್ಯ ನನಗೆಲ್ಲಿದೆ, ಕೊಟ್ಟು ಏನಾದರೂ ಆದರೆ, ಧಾರವಾಡ ಕಂಡು ಬಂದವಳನ್ನು ನಂಬಿದ್ದೇ ತಪ್ಪು ಅಂತ ಊರು ನನ್ನನ್ನು — ಥೂ, ಈಗಲೂ ನನ್ನದೇ ಚಿಂತೆ.

ಎಡಗೈಯಿಂದ ಕರೆವ್ವ ಮಡಿಲು ಬಿಚ್ಚುತ್ತಾಳೆ, ಕೂಸಿನ ತಲೆಗೆ ಕಟ್ಟುತ್ತಿದ್ದ ಕುಂಚಿಗೆ, ಹಸಿರು ಖಣದ್ದು, ತಲೆಯೆಣ್ಣೆಯ ಕಲೆ ಹಾಗೇ ಇದೆ. ನಮ್ಮ ಕೌದಿಯ ರೂಢಿ, ಅರಿವೆ ತಂದವರೇ ಅದನ್ನು ಕತ್ತರಿಸಬೇಕು, ಇನ್ನೊಬ್ಬರ ಕೈ ಸೋಕಬಾರದು, ಇದನ್ನು ಹೇಳಿಕೊಟ್ಟವಳೂ ನಾನೇ, ಗೋಡೆ ನೋಡುತ್ತ ಕೂತವಳು ಎಲ್ಲ ಕೇಳಿಸಿಕೊಂಡಿದ್ದಾಳೆ. ಇರಲಿ, ನಾ ಕತ್ತರಿಸ್ತೇನಿ ತಾ ಅಂದೆ, ತಲೆ ಅಲ್ಲಾಡಿಸಿದಳು, ನನ್ನ ಮಗಂದು ಅಕ್ಕ, ನಾನ ಕತ್ತರಿಸ್ಬೇಕು. ಚಾಚಿದ ಕೈ ಹಿಂದೆ ತೆಗೆಯುತ್ತಿಲ್ಲ, ಅಂಗೈಗೆ ಅಡ್ಡಲಾಗಿ ಆ ಗುರುತು, ಬಾವಿಯ ನೆನಪಾಗುತ್ತದೆಂದು ಇಷ್ಟು ದಿನ ಕಣ್ಣು ತಪ್ಪಿಸಿದೆ — ಅವತ್ತು ಹಗ್ಗ ಇಳಿಬಿಟ್ಟವರೆಲ್ಲ ಮೇಲಿದ್ದರು, ಕೆಳಗೆ ನೀರಿನಲ್ಲಿ ಇವಳೊಬ್ಬಳೇ, ಯಾರೂ ಇಳಿಯಲಿಲ್ಲ, ಯಾರೂ ಇವಳ ಸೊಂಟಕ್ಕೆ ಕಟ್ಟಲಿಲ್ಲ, ಹಗ್ಗ ಹಿಡಿದವಳು ಇವಳೇ — ಕತ್ತರಿ ತೆಗೆದು ನೆಲದ ಮೇಲೆ ಅವಳತ್ತ ಸರಿಸುತ್ತೇನೆ, ಬೆನ್ನು ತಿರುಗಿಸುತ್ತೇನೆ, ಅರಿವೆ ಕತ್ತರಿಸುವ ಸದ್ದು ಇನ್ನೂ ಇಲ್ಲ, ಇನ್ನೂ ಇಲ್ಲ, ಕಣ್ಣ ಮುಂದೆ ಆ ಅಂಗೈ, ಚರ್ಮ ಸುಲಿದರೂ ಹಗ್ಗ ಬಿಡದ ಅಂಗೈ