ಬೆಂಕಿ ಆರಿಸಬೇಡಿ, ಕಾವು ನೋಡಿ

ರಾವಂದೂರಿನ ಬಳಿ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಹದಮಾಡುವ ಮನೆ, ಅಂದರೆ ಬ್ಯಾರನ್ ಕಾಯುವುದರಲ್ಲಿ ಸಣ್ಣಬೀರಯ್ಯನನ್ನು ಮೀರಿಸಿದವರಿಲ್ಲ. ಎಚ್‌ಐವಿ ಸೋಂಕಿದ್ದ ಆತ ಐದು ವರ್ಷಗಳಿಂದ ಆ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ನುಂಗುತ್ತ ಗಟ್ಟಿಯಾಗಿ ದುಡಿಯುತ್ತಿದ್ದ. 2009ರ ಆಗಸ್ಟ್‌ನಲ್ಲಿ ತಿಂಗಳ ಮಾತ್ರೆ ತರಲು ಎಆರ್‌ಟಿ ಕೇಂದ್ರಕ್ಕೆ ಹೋದಾಗ, ಅದೇ ಮಾತ್ರೆ ನುಂಗುತ್ತಿದ್ದ ಗೆಳೆಯನೊಬ್ಬ ಹೃದಯಾಘಾತದಿಂದ ತೀರಿಕೊಂಡನೆಂದು ಕೇಳಿದ. ಮನೆಗೆ ಬಂದವನೇ ಡಬ್ಬಿಯನ್ನು ತೊಲೆಯ ಮೇಲೆ ಬಚ್ಚಿಟ್ಟ.

ಮೂರನೆಯ ದಿನ ಅದು ಹೆಂಡತಿ ರುಕ್ಮಿಣಮ್ಮನ ಕೈಗೆ ಸಿಕ್ಕಿತು. ಅರವತ್ತು ಮಾತ್ರೆಯ ಡಬ್ಬಿ, ಅರವತ್ತೂ ಇದ್ದವು. ಆಕೆ ಕೇಂದ್ರದ ಆಪ್ತಸಮಾಲೋಚಕಿ ಸವಿತಾಳನ್ನು ಬ್ಯಾರನ್ನಿಗೇ ಕರೆತಂದಳು. ಅಲ್ಲಿ ಬೇರಾರೂ ಇರಲಿಲ್ಲ.

“ಆ ಮಾತ್ರೆ ಎದೆ ನಿಲ್ಲಿಸ್ತದೆ ಕಣವ್ವಾ. ನಾ ನುಂಗಾಕಿಲ್ಲ, ಬುಡು,” ಎಂದ ಸಣ್ಣಬೀರಯ್ಯ.

“ನೀವು ಕೇಳಿರೋದು ಅರ್ಧ ನಿಜ ಕಣಣ್ಣ,” ಎಂದಳು ಸವಿತಾ. “ಕೆಲವು ಮಾತ್ರೆ ಬಹಳ ವರ್ಷ ತಗೊಂಡ್ರೆ ರಕ್ತದಲ್ಲಿ ಕೊಬ್ಬು, ಸಕ್ಕರೆ ಏರಬಹುದು. ಆದ್ರೆ ಮಾತ್ರೆ ಬಿಟ್ರೆ ವೈರಸ್ ಹೆಚ್ತದೆ. ಅದೂ ಎದೆಗೇ ಕೇಡು.”

“ಅಂಗಾರೆ ಎರಡು ಕಡೆಗೂ ಸಾವೇ ಅನ್ನು!”

ಸವಿತಾ ಬ್ಯಾರನ್ನಿನ ಗೋಡೆಯತ್ತ ಕೈ ತೋರಿದಳು. “ಒಳಗೆ ಕಾವು ಮಿತಿಮೀರಿದ್ರೆ ಏನ್ ಮಾಡ್ತೀರಿ?”

“ಗಾಳಿಕಿಂಡಿ ತೆಗೀತೀನಿ. ಸೌದೆ ಎಳೀತೀನಿ.”

“ಬೆಂಕೀನೇ ಆರಿಸಿಬಿಟ್ರೆ?”

“ನಡುವೆ ಬೆಂಕಿ ಆರಿಸೋನು ಬ್ಯಾರನ್ ಕಾಯೋನಾ? ಸೊಪ್ಪೆಲ್ಲ ಕೆಟ್ಟೋಯ್ತದೆ!”

ರುಕ್ಮಿಣಮ್ಮನಿಗೆ ತಡೆಯಲಾಗಲಿಲ್ಲ. “ಸೊಪ್ಪಿನ ಮೇಲಿರೋ ಬುದ್ಧಿ ಸ್ವಂತ ಎದೆ ಮೇಲಿಲ್ವಲ್ಲ! ಗಂಟೆಗೊಂದ್ಸಲ ಥರ್ಮಾಮೀಟರ್ ನೋಡೋ ಮಾರಾಯ್ರು, ಐದು ವರ್ಷದಾಗೆ ಒಂದಿನ ಬಿ.ಪಿ. ನೋಡಿಸ್ಕಂಡ್ರಾ? ಮೊದ್ಲು ಆ ಕಿವಿ ಸಂದಿ ಬೀಡಿ ತೆಗೀರಿ.”

ಸಣ್ಣಬೀರಯ್ಯ ಬೀಡಿಯನ್ನು ಒಲೆಯ ಬಾಯಿಗೆ ಎಸೆದ.

ಮರುದಿನ ರುಕ್ಮಿಣಮ್ಮ ಬ್ಯಾರನ್ ಕಾದಳು. ಆತ ಕೇಂದ್ರಕ್ಕೆ ಹೋದ. ಬಿ.ಪಿ. 160/100 ಇತ್ತು, ಕೊಬ್ಬೂ ಹೆಚ್ಚಿತ್ತು. ವೈದ್ಯರು ಎಆರ್‌ಟಿಯನ್ನು ಅಂದೇ ಮತ್ತೆ ಆರಂಭಿಸಿ, ಬಿ.ಪಿ.ಗೂ ಮಾತ್ರೆ ಕೊಟ್ಟರು. ಉಪ್ಪು, ಎಣ್ಣೆ ತಗ್ಗಿಸಲು ಹೇಳಿದರು.

ಮೂರು ತಿಂಗಳಾದವು. ಬ್ಯಾರನ್ನಿನ ಗೋಡೆಯ ಮೇಲೆ, ಕಾವಿನ ಅಂಕಿಗಳ ಪಕ್ಕದಲ್ಲಿ, ಸಣ್ಣಬೀರಯ್ಯ ಸೀಮೆಸುಣ್ಣದಿಂದ ಇನ್ನೊಂದು ಅಂಕಿ ಬರೆದಿದ್ದಾನೆ: 130/80.

ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿರುವವರೇ, ಹೆದರಿ ಅದನ್ನು ನಿಲ್ಲಿಸಬೇಡಿ. ಬದಲಿಸಬೇಕೇ ಎಂಬುದನ್ನು ವೈದ್ಯರು ಹೇಳಲಿ. ಬಿ.ಪಿ., ಸಕ್ಕರೆ, ಕೊಬ್ಬು ಪರೀಕ್ಷಿಸಿಕೊಳ್ಳಿ. ಬೀಡಿ ಬಿಡಿ. ಎದೆ ನೋವು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ನಿಮ್ಮ ಅಂಕಿ ಎಷ್ಟೆಂದು ಇಂದು ನಿಮಗೆ ಗೊತ್ತಿಲ್ಲವಾದರೆ, ನಾಳೆ ಗೊತ್ತಿರಲಿ.